ಬೆಟ್ಟ ಹತ್ತಿದ ಜಗಳ

ಎಲ್ಲಕ್ಕೂ ಕಾರಣ ಕ್ಷೌರದಂಗಡಿಯವನು ಆಡಿದ ಒಂದು ಮಾತು. ಅದನ್ನು ಆಡಿದ್ದು ಕೂಡ ಕತ್ತಿ ಗಂಟಲ ಮೇಲಿದ್ದಾಗ. ಹಾಗಾಗಿ ಗಂಟೆಯಣ್ಣನಿಗೆ ಏಳಲೂ ಆಗಲಿಲ್ಲ, ಬಾಯಿ ತೆರೆಯಲೂ ಆಗಲಿಲ್ಲ. ನೊರೆಯೊಳಗೇ ಕುದಿಯಬೇಕಾಯಿತು.

ಗಂಟೆಯಣ್ಣ ಎಂಬುದು ಬೀದಿಯವರು ಇಟ್ಟ ಹೆಸರು. ಬೇಸಿಗೆ ಬಂತೆಂದರೆ ಕಡಲ ದಂಡೆಯ ದನಗಳನ್ನೆಲ್ಲ ಊರ ಹಿಂದಿನ ಬೆಟ್ಟಸಾಲಿನ ನೆತ್ತಿಗೆ, ಅಲ್ಲಿನ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋಗುತ್ತಾರೆ. ಅಲ್ಲಿ ಕಡಲ ಕಡೆಯಿಂದ ಮಂಜು ಏರಿ ಬಂದರೆ ದನವನ್ನು ಕಿವಿಯಿಂದಲೇ ಹುಡುಕಬೇಕು. ಆ ದನಗಳ ಕೊರಳಿಗೆ ತಗಡು ಬಡಿದು, ಹಿತ್ತಾಳೆ ಲೇಪಿಸಿ, ಒಳಗೆ ನಾಲಿಗೆ ತೂಗುಹಾಕಿ ಗಂಟೆ ಮಾಡಿಕೊಡುವವನು ಇವನು. ಗಂಟೆಯ ನಾದ ಕೂಡಿಸುವಾಗ ಇವನಿಗಿದ್ದ ತಾಳ್ಮೆಯಲ್ಲಿ ಕಾಲುಭಾಗ ಮನುಷ್ಯರ ಜೊತೆ ಇದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಕ್ಷೌರದಂಗಡಿಯವನು ಹೇಳಿದ್ದು ಇಷ್ಟು: "ಮೇಲಿನ ದನಗಾಹಿ ನಿನ್ನೆ ಉಪ್ಪು ತಗೊಂಡು ಹೋಗೋಕೆ ಬಂದಿದ್ದ. ನೀವು ಮಾಡಿದ ಗಂಟೆ ಕಟ್ಟಿದ ಮೇಲೆ ಅವನ ಹಸು ನಾಚಿಕೆಯಿಂದ ತಲೆ ಎತ್ತಿ ನಡೀತಿಲ್ವಂತೆ. ಡಬ್ಬ ಬಡಿದ ಹಾಗೆ ಕೇಳುತ್ತಂತೆ."

ಕತ್ತಿ ಗಂಟಲಿನಿಂದ ಸರಿದದ್ದೇ ತಡ, ಗಂಟೆಯಣ್ಣ ಎದ್ದ. ಒಂದು ಕೆನ್ನೆ ನುಣ್ಣಗಾಗಿತ್ತು, ಇನ್ನೊಂದರಲ್ಲಿ ನೊರೆಯೂ ಗಡ್ಡವೂ ಹಾಗೇ ಇದ್ದವು. ಟವೆಲಿನಿಂದ ಒರೆಸಿಕೊಂಡು ಬೀದಿಗಿಳಿದ. ಅಂಗಳ ಗುಡಿಸುತ್ತಿದ್ದ ಹೆಂಡತಿ ಎಲ್ಲಿಗೆ ಎಂದು ಕೇಳಿದಳು. ಬೆಟ್ಟದ ಮೇಲೆ ಜಗಳಕ್ಕೆ ಎಂದ. ಊಟದ ಹೊತ್ತಿಗೆ ಬರುತ್ತೀರಾ ಎಂದಷ್ಟೇ ಕೇಳಿ ಅವಳು ಗುಡಿಸುವುದನ್ನು ಮುಂದುವರಿಸಿದಳು. ಅವನು ಹೀಗೆ ಹೊರಟದ್ದು ಇದೇ ಮೊದಲಲ್ಲ, ಬೆಟ್ಟಕ್ಕೆ ಹೊರಟದ್ದು ಮಾತ್ರ ಮೊದಲು. ದನಗಳಿಗೆ ಗಂಟೆ ಕಟ್ಟಿ ಕಳಿಸಿದ್ದೇ ಹೊರತು ಅವನು ಎಂದೂ ಆ ಬೆಟ್ಟ ಹತ್ತಿರಲಿಲ್ಲ.

ಒಬ್ಬನೇ ಹೋಗಿದ್ದರೆ ಚೆನ್ನಾಗಿತ್ತು. ಆದರೆ ಹೊತ್ತಿಸಿದ ಬೆಂಕಿ ಹೇಗೆ ಉರಿಯುತ್ತದೆಂದು ನೋಡುವ ಆಸೆಗೆ ಕ್ಷೌರದಂಗಡಿಯವನು ಹಿಂದೆಯೇ ಬಂದ. ಪಕ್ಕದ ಮನೆಯ ಔಷಧಿ ಅಂಗಡಿಯವನು ಕಿಟಕಿಯಿಂದ ಕಂಡವನೇ ಎರಡು ಕೋಲು, ಒಂದು ಸೀಟಿ, ಪ್ಲಾಸ್ಟಿಕ್ ಹೊದಿಸಿದ ನಕ್ಷೆ ಸಮೇತ ಓಡಿ ಬಂದ. ಅವನಿಗೆ ಚಾರಣದ ಹುಚ್ಚು. ಯಾರಾದರೂ ಬೆಟ್ಟದ ಕಡೆ ಮುಖ ಮಾಡಿದರೆ ಸಾಕು, ಮದುವೆ ಮನೆಯ ಬ್ಯಾಂಡಿನವರ ಹಾಗೆ ಕರೆಯದಿದ್ದರೂ ಮುಂದೆ ನಿಂತಿರುತ್ತಿದ್ದ. ಸಿಟ್ಟಿನಲ್ಲಿ ಬೆಟ್ಟ ಹತ್ತಿದರೆ ಮಂಡಿ ಸವೆಯುತ್ತದೆ ಎಂದು ಶುರುವಿನಲ್ಲೇ ಎಚ್ಚರಿಸಿದ.

ಮೇಲಕ್ಕೆ ಎರಡು ದಾರಿ. ಒಂದು ದನಗಳೇ ತುಳಿದು ಮಾಡಿದ ನೇರ ದಾರಿ. ಇನ್ನೊಂದು ಚಾರಣಿಗರಿಗಾಗಿ ಬಳಸಿ ಬಳಸಿ ಹೋಗುವ ದಾರಿ. ಗಂಟೆಯಣ್ಣನ ಕಾಲು ನೇರ ದಾರಿಗೆ ತಿರುಗಿತ್ತು. ಔಷಧಿಯವನು ಅಡ್ಡ ನಿಂತು, ಅದರಲ್ಲಿ ಕಾಡು ಬಿಟ್ಟರೆ ಏನೂ ಕಾಣುವುದಿಲ್ಲ, ಇದರಲ್ಲಾದರೆ ಪ್ರತಿ ತಿರುವಿನಲ್ಲೂ ಕಡಲು ಕಾಣುತ್ತದೆ ಎಂದು ತೋಳು ಹಿಡಿದು ಎಳೆದೊಯ್ದ. ಜಗಳಕ್ಕೆ ಹೊರಟವನಿಗೆ ಕಡಲು ಯಾಕೆ ಬೇಕು ಎಂದು ಗಂಟೆಯಣ್ಣ ಕೇಳಿದ್ದು ಅವನ ಸೀಟಿಯಲ್ಲಿ ಮುಳುಗಿಹೋಯಿತು.

ದಾರಿಯುದ್ದಕ್ಕೂ ಗಂಟೆಯಣ್ಣ ಬೈಗುಳವನ್ನು ಮಸೆಯುತ್ತಿದ್ದ. ಮೊದಲ ಏರಿನಲ್ಲಿ ಅದು ಭರ್ಜರಿಯಾಗಿತ್ತು, ದನಗಾಹಿಯ ಅಜ್ಜನಿಂದ ಆರಂಭವಾಗುತ್ತಿತ್ತು. ಎರಡನೆಯ ಏರಿನಲ್ಲಿ ಉಸಿರು ಸಾಲದೆ ಅಜ್ಜನನ್ನು ಕೈಬಿಡಬೇಕಾಯಿತು. ಮರಗಳು ಮುಗಿದು ಬರಿಯ ಜಲ್ಲಿಯ ಇಳಿಜಾರು ಬರುವಷ್ಟರಲ್ಲಿ ಅಪ್ಪನೂ ಚಿಕ್ಕಪ್ಪನೂ ಉದುರಿಹೋದರು. ಪ್ರತಿ ತಿರುವಿನಲ್ಲೂ ಔಷಧಿಯವನು ನಿಲ್ಲಿಸಿ ಕಡಲು ತೋರಿಸುತ್ತಿದ್ದ. ಮೂಗಿನಲ್ಲಿ ಎಳೆದು ಬಾಯಲ್ಲಿ ಬಿಡಿ ಎಂದು ಉಸಿರಾಡುವುದನ್ನು ಕಲಿಸುತ್ತಿದ್ದ. ಇಷ್ಟು ವರ್ಷ ತಾನು ಉಸಿರಾಡಿದ್ದು ಯಾರನ್ನು ಕೇಳಿ ಎಂದು ಗಂಟೆಯಣ್ಣನಿಗೆ ಮೈ ಉರಿಯಿತು.

ಕ್ಷೌರದಂಗಡಿಯವನಿಗೆ ಏದುಸಿರು ಹತ್ತಿದಂತೆಲ್ಲ ಮಾತು ಮೆತ್ತಗಾಯಿತು. ಡಬ್ಬ ಎಂದನೋ ಡಬ್ಬದ ಮುಚ್ಚಳ ಎಂದನೋ ಸರಿಯಾಗಿ ನೆನಪಿಲ್ಲ ಎಂದ. ಸ್ವಲ್ಪ ಮೇಲೆ ಹೋದ ಮೇಲೆ, ಹಸು ತಲೆ ಎತ್ತದೇ ಇರುವುದು ಹುಲ್ಲು ಮೇಯುತ್ತಿರುವುದಕ್ಕೂ ಇರಬಹುದು ಎಂದ. ಗಂಟೆಯಣ್ಣ ಗರ್ರನೆ ಅವನತ್ತ ತಿರುಗಿದ. ಜಲ್ಲಿಯ ಮೇಲೆ ಹಾಗೆ ತಿರುಗಬಾರದು. ಕುಂಡೆಯ ಮೇಲೆ ಕುಳಿತು ಸರ್ರೆಂದು ಹಿಂದಿನ ತಿರುವಿನವರೆಗೂ ಜಾರಿದ. ಒಂದು ಚಪ್ಪಲಿ ಕಣಿವೆಗೆ ಹೋಯಿತು. ಪೆಟ್ಟಾಗಿರಲಿಲ್ಲ, ಆದರೂ ಔಷಧಿಯವನು ಬಿಡಬೇಕಲ್ಲ? ಇಂಥದ್ದೊಂದಕ್ಕಾಗಿ ವರ್ಷಗಟ್ಟಲೆ ಕಾದಿದ್ದವನ ಹಾಗೆ ಚೀಲ ಬಿಚ್ಚಿ, ಸರಿಯಿದ್ದ ಕಾಲಿಗೆ ಮಂಡಿಯವರೆಗೂ ಪಟ್ಟಿ ಸುತ್ತಿದ. ಅಲ್ಲಿಯವರೆಗೆ ನೆಟ್ಟಗೆ ನಡೆಯುತ್ತಿದ್ದ ಗಂಟೆಯಣ್ಣ ಅಲ್ಲಿಂದ ಮುಂದೆ ಕುಂಟಿದ.

ನೆತ್ತಿ ತಲುಪಿದಾಗ ಹೊತ್ತು ಇಳಿದಿತ್ತು. ಕಣ್ಣು ಹಾಯುವವರೆಗೂ ಹಸಿರು, ನಡುವೆ ಕಲ್ಲಿನ ಗುಡಿಸಲು, ಬಾಗಿಲಲ್ಲಿ ಹಾಲಿನ ಪಾತ್ರೆ ಉಜ್ಜುತ್ತಾ ಕುಳಿತ ಮುದುಕಿ. ದನಗಾಹಿಯ ತಾಯಿ. ಅರ್ಧ ಗಡ್ಡ, ಒಂದು ಚಪ್ಪಲಿ, ಒಂದು ಕಾಲಿಗೆ ಬಿಳಿ ಪಟ್ಟಿ ಹೊತ್ತು ಬಂದ ಮನುಷ್ಯನನ್ನು ಆಕೆ ಮೇಲಿಂದ ಕೆಳಗೆ ನೋಡಿದಳು. ನಿನ್ನ ಮಗನನ್ನು ಹೊರಗೆ ಕರಿ ಎಂದು ಗಂಟೆಯಣ್ಣ ಗುಡುಗಿದ.

"ಅವನಿಲ್ಲ," ಎಂದಳು ಮುದುಕಿ. "ಬೆಳಿಗ್ಗೆನೇ ದನದ ದಾರಿ ಹಿಡಿದು ಇಳಿದುಹೋದ. ಗಂಟೆ ಮಾಡೋನ ಹಲ್ಲು ಉದುರಿಸಿ ಬರ್ತೀನಿ ಅಂದ."

ಯಾಕೆಂದು ಗಂಟೆಯಣ್ಣ ಕೇಳಿದ. ದನಗಾಹಿಯ ಕಿವಿಯಲ್ಲಿ ಸಗಣಿ ತುಂಬಿದೆ, ಅವನಿಗೆ ನಾದವೇನು ಗೊತ್ತು ಎಂದು ಗಂಟೆ ಮಾಡುವವನು ಹೇಳಿದನಂತೆ. ಉಪ್ಪು ತರಲು ಹೋದ ಮಗನಿಗೆ ನಿನ್ನೆ ಕ್ಷೌರದಂಗಡಿಯವನು ಹಾಗೆಂದನಂತೆ. ಗಂಟೆಯಣ್ಣ ಹಾಗೆ ಹೇಳಿದ್ದೇನೋ ನಿಜ. ಆದರೆ ಹೇಳಿದ್ದು ಕ್ಷೌರ ಮಾಡಿಸಿಕೊಳ್ಳುವಾಗ, ನಂಬಿಕೆಯ ಮೇಲೆ. ತಿರುಗಿ ನೋಡಿದರೆ ಕ್ಷೌರದಂಗಡಿಯವನು ಅಲ್ಲಿರಲಿಲ್ಲ. ಅಂಗಡಿಗೆ ಬೀಗ ಹಾಕಿಲ್ಲವೆಂಬುದು ಅವನಿಗೆ ಆಗಲೇ ನೆನಪಾಗಿತ್ತು. ಹತ್ತುವಾಗ ಸತ್ತೆ ಸತ್ತೆ ಎಂದವನು ಇಳಿಜಾರಿನಲ್ಲಿ ಮೊಲದ ಹಾಗೆ ಹಾರುತ್ತಿದ್ದ. ಇನ್ನು ನೇರ ದಾರಿಯಲ್ಲಿ ಬಂದಿದ್ದರೆ ದನಗಾಹಿ ಅರ್ಧಕ್ಕೇ ಎದುರಾಗುತ್ತಿದ್ದ ಎಂದು ಹೊಳೆದಾಗ, ಔಷಧಿಯವನು ನಕ್ಷೆಯಲ್ಲಿ ಮುಂದಿನ ಶಿಖರ ಹುಡುಕುತ್ತಿದ್ದ.

"ಅವನು ಹೋಗಿದ್ದು ನಿನ್ನಿಂದ," ಎಂದಳು ಮುದುಕಿ. "ಮಂಜು ಬರ್ತಿದೆ. ದನ ಕೂಡಿಸೋರು ಯಾರು?"

ಹೀಗೆ ಜಗಳಕ್ಕೆ ಬಂದವನು ದನ ಕೂಡಿಸಲು ಹೊರಟ. ಔಷಧಿಯವನು ನೆರವಾಗುತ್ತೇನೆಂದು ಸೀಟಿ ಊದಿದ. ಅದನ್ನು ಕೇಳಿದ್ದೇ ದನಗಳು ಬಾಲ ಎತ್ತಿ ದಿಕ್ಕಿಗೊಂದು ಓಡಿದವು. ಮುದುಕಿ ಸೀಟಿ ಕಿತ್ತುಕೊಂಡು ಅವನನ್ನು ಒಲೆ ಊದಲು ಕೂರಿಸಿದಳು. ಮಂಜಿನೊಳಗೆ ಗಂಟೆಯಣ್ಣ ಕೈ ಚಾಚಿಕೊಂಡು, ಹಲ್ಲು ಕಡಿಯುತ್ತಾ, ಕಿವಿ ತೋರಿದ ಕಡೆಗೆ ನಡೆದ. ಅಲ್ಲೊಂದು, ಇಲ್ಲೊಂದು ಗಂಟೆ ಇಂಪಾಗಿ ಕೇಳಿತು. ಎಲ್ಲ ತನ್ನವೇ ಎಂದು ಎದೆ ಉಬ್ಬಿತು. ಆಗ ಎಡಗಡೆಯಿಂದ, ಒಡೆದ ಮಡಕೆಗೆ ಸೌಟು ತಾಗಿದ ಹಾಗೆ, ಲೊಟಕ್ ಲೊಟಕ್ ಎಂಬ ಸದ್ದು ಬಂತು.

ಡಬ್ಬವೇ. ಡಬ್ಬವಾದರೂ ವಾಸಿ. ಕೊರಳಿಗೆ ಕೈ ಹಾಕಿ ನೋಡಿದ, ತಾನು ಮಾಡಿದ್ದೇ. ಲೇಪ ಒಳಗೆ ಹಿಡಿದಿರಲಿಲ್ಲ. ಒಂದು ಕ್ಷಣ ಅವನಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಅಭ್ಯಾಸವಿಲ್ಲದ ಸಿಟ್ಟಾದ್ದರಿಂದ ಅದನ್ನು ಕೂಡಲೇ ಹಿತ್ತಾಳೆ ಮಾರುವವನ ಮೇಲೆ ಹಾಕಿದ.

ದನ ಕೂಡಿಸಿ, ಹಾಲು ಕರೆದು, ಹಸುವಿನಿಂದ ಒಂದು ಒದೆಯನ್ನೂ ತಿಂದು, ಆ ಗಂಟೆಯನ್ನು ರಿಪೇರಿಗೆಂದು ಬಿಚ್ಚಿಕೊಂಡ. ಮಂಜಿನಲ್ಲಿ ಇಳಿಯುವುದು ಚಾರಣದ ನಿಯಮಕ್ಕೆ ವಿರುದ್ಧ ಎಂದು ಔಷಧಿಯವನು ಒಲೆಯ ಮುಂದಿನಿಂದ ಏಳಲಿಲ್ಲ. ಗಂಟೆಯಣ್ಣ ಒಬ್ಬನೇ ದನದ ದಾರಿ ಹಿಡಿದ. ಮುದುಕಿ ಕೊಟ್ಟ ಹಳೆಯ ಬೂಟು ಕಾಲಲ್ಲಿ, ಗಂಟೆ ಕೈಯಲ್ಲಿ. ಪ್ರತಿ ಹೆಜ್ಜೆಗೂ ಲೊಟಕ್.

ಅರ್ಧ ಇಳಿದಿರಬೇಕು, ಕೆಳಗಿನಿಂದ ದನಿಯೊಂದು ಕರೆಯಿತು. "ಚುಕ್ಕೀ, ಇಷ್ಟು ದೂರ ಯಾಕೆ ಬಂದೆ ಬಂಗಾರ? ಹೆದರ್ಬೇಡ. ಬಾ, ನಾನಿದ್ದೀನಿ."

ಗಂಟೆಯಣ್ಣನನ್ನು ಯಾರೂ ಇಷ್ಟು ಅಕ್ಕರೆಯಿಂದ ಕರೆದು ವರ್ಷಗಳೇ ಆಗಿದ್ದವು. ಮಂಜು ಸೀಳಿ ಒಬ್ಬ ಧಡೂತಿ ಮನುಷ್ಯ ಎದುರು ನಿಂತ. ಅವನ ಮೈಮೇಲೆ ಗುಂಡಿ ಹಾಕಲಾಗದೆ ಬಿಗಿದು ನಿಂತಿದ್ದದ್ದು ಗಂಟೆಯಣ್ಣನದೇ ಉಣ್ಣೆಯ ಕೋಟು. ಗಂಟೆಯಣ್ಣ ಎದೆ ಸೆಟೆಸಿದ. ದಿನವಿಡೀ ಮಸೆದ ಬೈಗುಳದಲ್ಲಿ ಉಳಿದಿದ್ದದ್ದು 'ನೀನು' ಎಂಬುದೊಂದೇ. ಅದನ್ನೇ ಹೇಳಿದ.

ದನಗಾಹಿ ಹೊಡೆಯಲಿಲ್ಲ. ಗಂಟೆಯನ್ನೂ ಗಂಟೆಯಣ್ಣನನ್ನೂ ಒಮ್ಮೆ ನೋಡಿ, ಮೆಲ್ಲಗೆ ತೋಳು ಹಿಡಿದು, ಒಂದು ಬಂಡೆಯ ಮೇಲೆ ಕೂರಿಸಿದ.

"ಹಲ್ಲು ಉದುರಿಸೋಣ ಅಂತಲೇ ಬಂದಿದ್ದೆ," ಎಂದ. "ನಿಮ್ಮ ಮನೆಯವರು ಬಾಗಿಲು ತೆಗೆದ್ರು. ನಿಮ್ಮ ಗಂಡನಿಗೆ ಬಾಯಿ ಮೇಲೆ ಹಿಡಿತ ಇಲ್ಲ ಅಂದೆ. ಒಳಗೆ ಬನ್ನಿ, ಕೂತ್ಕೊಂಡು ಮಾತಾಡೋಣ ಅಂದ್ರು."

ಆಮೇಲಿನದನ್ನು ಅವನು ತಲೆ ತಗ್ಗಿಸಿ ಹೇಳಿದ. ಆಕೆ ಊಟ ಬಡಿಸುತ್ತಾ ಶುರು ಮಾಡಿದವಳು ಪಾತ್ರೆ ತೊಳೆದರೂ ಮುಗಿಸಲಿಲ್ಲವಂತೆ. ಎದುರು ಮನೆಯವಳು ಸ್ಟೂಲು ತಂದಳಂತೆ. ಬೇಕರಿಯವನು ಅಂಗಡಿ ಮುಚ್ಚಿ ಬಂದನಂತೆ. ದರ್ಜಿ ತನ್ನ ಸರದಿಗಾಗಿ ಬಾಗಿಲಲ್ಲೇ ನಿಂತಿದ್ದನಂತೆ. ದನಗಾಹಿ ಹೊತ್ತುಕೊಂಡು ಹೋಗಿದ್ದ ದೂರು ಅವರೆಲ್ಲರ ದೂರುಗಳ ಮುಂದೆ ಏನೇನೂ ಆಗಿರಲಿಲ್ಲವಂತೆ. ಹೊರಡುವಾಗ ಚಳಿಗೆಂದು ಆಕೆಯೇ ಗಂಡನ ಕೋಟು ತೊಡಿಸಿ ಕಳಿಸಿದಳಂತೆ.

"ಕೊನೆಗೆ ನಾನೇ ನಿಮ್ಮ ಪರ ಮಾತಾಡ್ಬೇಕಾಯ್ತು. ಅಷ್ಟೊಂದು ಕೆಟ್ಟವರಿರಲಾರರು ಅಂದೆ. ಒಬ್ರೂ ಒಪ್ಪಲಿಲ್ಲ."

ಊರಿನಲ್ಲಿ ತನ್ನ ಪರ ನಿಂತ ಒಬ್ಬನೇ ಒಬ್ಬನನ್ನು ಗಂಟೆಯಣ್ಣ ಬೈಯುವುದು ಹೇಗೆ? ದನಗಾಹಿ ಅವನ ಬೆನ್ನು ತಟ್ಟಿದ. ಆ ದಿನ ಆದ ಅವಮಾನಗಳಲ್ಲೆಲ್ಲ ಗಂಟೆಯಣ್ಣನಿಗೆ ಹೆಚ್ಚು ಚುಚ್ಚಿದ್ದು ಆ ಮೃದುವಾದ ತಟ್ಟು. ಸಿಟ್ಟೆಲ್ಲ ಗಂಟಲಿನಲ್ಲೇ ಇಟ್ಟುಕೊಂಡು ಎದ್ದ, ದುಡುದುಡು ಇಳಿಯತೊಡಗಿದ.

"ಅವಸರ ಮಾಡ್ಬೇಡಿ," ದನಗಾಹಿ ಮಂಜಿನೊಳಗಿಂದ ಕೂಗಿ ಹೇಳಿದ. "ಸ್ವಲ್ಪ ಕೂತು ಕೂತು ಹೋಗಿ. ನಾನು ಹೊರಡೋ ಹೊತ್ತಿಗೆ ನಿಮ್ಮ ಅತ್ತೆಯವರು ಆಗಷ್ಟೇ ಬಂದು ಕುರ್ಚಿ ಎಳ್ಕೊಂಡಿದ್ರು."