‘ಅಂಕಲ್’ ಪದದ ಮೂಲ ಹಾಗೂ ತತ್ಸಂಬಂಧ ತೊಡೆ ಒದಗಿಸುವ ಬಗ್ಗೆ

ಬಾಯಿಮಾತಿನ ಸಂಬಂಧಗಳ ಇಲಾಖೆ
ಮುಲುಂಡ್ ಉಪವಿಭಾಗ, ಮುಂಬಯಿ

ಸಂಖ್ಯೆ: ಬಾ.ಸಂ.ಇ/ಅಂಕಲ್/ತೊಡೆ/7

ಸುತ್ತೋಲೆ

ವಿಷಯ: ಕಂಡಕಂಡವರನ್ನು ‘ಅಂಕಲ್’ ಎಂದು ಕರೆಯುವುದರಿಂದ ಉಂಟಾಗುವ ಹೊಣೆಗಾರಿಕೆ ಕುರಿತು.

ಉಲ್ಲೇಖ: (1) ಶ್ರೀ ಶಶಿಕಾಂತ, ಅವಿವಾಹಿತರು, ಮೂರನೇ ಮಾಳಿಗೆ, ಇವರ ದೂರು ಅರ್ಜಿ.
(2) ಶ್ರೀಮತಿ ಕಸ್ತೂರಿಬಾಯಿ, ನಾಲ್ಕನೇ ಮಾಳಿಗೆ, ಇವರ ಮೌಖಿಕ ಹೇಳಿಕೆ (ಬರೆದು ಕೊಡಲು ಸೂಚಿಸಿದಾಗ ಗದರಿಸಿರುತ್ತಾರೆ).

ಉಲ್ಲೇಖ (1)ರ ಅರ್ಜಿದಾರರು, ಕನ್ಯೆಯ ಕಡೆಯವರು ತಮ್ಮನ್ನು ನೋಡಲು ಬಂದ ದಿನ ನಾಲ್ಕನೇ ಮಾಳಿಗೆಯ ಮೂರು ವರ್ಷದ ಕುಮಾರಿ ಶ್ರಾವ್ಯಾ ಮೆಟ್ಟಿಲ ಮೇಲಿಂದ “ಅಂಕಲ್” ಎಂದು ಕೂಗಿದ ಪರಿಣಾಮ ಸಂಬಂಧ ಮುರಿದುಬಿದ್ದಿತೆಂದು ದೂರಿರುತ್ತಾರೆ. “ನನಗಿನ್ನೂ ಮೂವತ್ತೆಂಟು ರೀ, ಯಾವ ಬಾಜೂದಿಂದ ಅಂಕಲ್ ಕಾಣ್ತೀನಿ?” ಎಂದು ಪ್ರಶ್ನಿಸಿ, ಸದರಿ ಪದವನ್ನು ಬಿಲ್ಡಿಂಗಿನಲ್ಲಿ ನಿಷೇಧಿಸಲು ಕೋರಿರುತ್ತಾರೆ.

ಉಲ್ಲೇಖ (2)ರ ಕಸ್ತೂರಿಬಾಯಿಯವರು ಸದರಿ ಮಗುವಿನ ಅಜ್ಜಿ. ಬರುವ ರವಿವಾರ ಮಗುವಿನ ಕಿವಿ ಚುಚ್ಚಿಸುವುದಿದ್ದು, ಸೋದರಮಾವನ ತೊಡೆಯ ಮೇಲೆ ಕೂರಿಸದೆ ಚುಚ್ಚಿಸುವ ಪದ್ಧತಿ ತಮ್ಮಲ್ಲಿಲ್ಲವೆಂದೂ, ಮಗುವಿನ ತಾಯಿಯಾದ ಸೊಸೆ ನೇತ್ರಾಳಿಗೆ ಒಡಹುಟ್ಟಿದವರೇ ಇಲ್ಲವೆಂದೂ ತಿಳಿಸಿರುತ್ತಾರೆ. “ಅಣ್ಣತಮ್ಮ ಇಲ್ಲ ಅಂತ ನಮ್ಮ ಸೊಸಿ ಒಳಗ ಕುಂತು ಅಳಾಕತ್ತಾಳ. ಏನರೆ ಮಾಡ್ರಿ ಸಾಹೇಬ್ರ” ಎಂಬ ಅವರ ಮಾತಿನಿಂದ ಇಲಾಖೆಗೆ ಸಂಕಟವಾಗಿದೆ. ಸಂಕಟಪಡಲು ಮೇಲಧಿಕಾರಿಗಳ ಅನುಮೋದನೆ ಪಡೆಯಲಾಗಿದೆ.

ಎರಡೂ ಕಡತಗಳನ್ನು ಒಂದೇ ದಾರದಲ್ಲಿ ಕಟ್ಟಿ ಪರಿಶೀಲಿಸಲಾಗಿ, ಕೆಳಕಂಡಂತೆ ವಿಧಿಸಲಾಗಿದೆ:

1. ‘ಅಂಕಲ್’ ಇಂಗ್ಲಿಷರ ಸ್ವಂತ ಗಳಿಕೆಯಲ್ಲ. ಫ್ರೆಂಚರಿಂದ ಅವರಿಗೆ, ಲ್ಯಾಟಿನ್ನಿನಿಂದ ಫ್ರೆಂಚರಿಗೆ ಬಂದಿರುತ್ತದೆ. ಲ್ಯಾಟಿನ್ನಿನಲ್ಲಿ ಅದು ತಾಯಿಯ ಸಹೋದರನಿಗೆ ಮಾತ್ರ ಸಲ್ಲುತ್ತಿತ್ತು; ತಂದೆಯ ಸಹೋದರನಾದ ಕಾಕಾನಿಗೆ ಬೇರೆಯೇ ಪದವಿತ್ತು. ಮೂಲಾರ್ಥ ‘ಪುಟ್ಟ ಅಜ್ಜ’. ಈ ಕೊನೆಯ ಅಂಶವನ್ನು ಅರ್ಜಿದಾರರಿಗೆ ಸದ್ಯಕ್ಕೆ ತಿಳಿಸತಕ್ಕದ್ದಲ್ಲ.

2. ಆದಕಾರಣ, ಅಂಕಲ್ ಎಂದು ಕರೆಸಿಕೊಂಡವರನ್ನು ಕರೆದವರ ಸೋದರಮಾವನೆಂದೇ ಪರಿಗಣಿಸಲಾಗುವುದು. ಜವಳ (ಮೊದಲ ಕೂದಲು ತೆಗೆಸುವುದು), ಕಿವಿ ಚುಚ್ಚುವುದು, ಮದುವೆಯ ಆಯೇರಿ (ಉಡುಗೊರೆ), ಎಲ್ಲವೂ ಅವರ ಹೆಗಲಿಗೆ.

3. ಲೋಕಲ್ ಗಾಡಿಯಲ್ಲಿ “ಅಂಕಲ್, ಥೋಡಾ ಅಂದರ್ ಚಲೋ” (ಸ್ವಲ್ಪ ಒಳಗೆ ಸರಿಯಿರಿ) ಎಂದು ತಳ್ಳುವ ತರುಣರ ತಾಯಂದಿರು, ತಳ್ಳಿಸಿಕೊಂಡವರಿಗೆ ಇಳಿಯುವ ನಿಲ್ದಾಣದೊಳಗೆ ರಾಖಿ ಕಟ್ಟತಕ್ಕದ್ದು. ಫಾಸ್ಟ್ ಗಾಡಿಯಲ್ಲಿ ಸಮಯ ಸಾಲದಿದ್ದರೆ ಸ್ಲೋ ಹಿಡಿಯತಕ್ಕದ್ದು.

4. ಕೂದಲಿಗೆ ಬಣ್ಣ ಹಚ್ಚುವುದರಿಂದ, ಹರಿದ ಜೀನ್ಸ್ ತೊಡುವುದರಿಂದ, ಹೊಟ್ಟೆಯನ್ನು ಉಸಿರು ಬಿಗಿಹಿಡಿದು ಒಳಗೆಳೆದುಕೊಳ್ಳುವುದರಿಂದ ಸೋದರಮಾವನ ಪದವಿ ರದ್ದಾಗುವುದಿಲ್ಲ. ಉಸಿರು ಬಿಟ್ಟ ಕೂಡಲೇ ತನಿಖೆ ಮುಂದುವರಿಯುತ್ತದೆ.

5. ಕನ್ಯೆಯ ಕಡೆಯವರು ಬಂದಾಗ, ಚಹಾದ ಕಪ್ಪುಗಳನ್ನು ಎತ್ತುವವರೆಗೆ ಪದ ಬಳಕೆಗೆ ತಡೆ ಇರುತ್ತದೆ. ಕನ್ಯೆಯೇ ಸ್ವತಃ ಹಾಗೆ ಕರೆದಲ್ಲಿ ಇಲಾಖೆ ಹೊಣೆಯಲ್ಲ, ಸಂತಾಪ ಸೂಚಿಸಲಾಗುವುದು.

6. ಒದಗಿಸುವ ತೊಡೆ ಸುಸ್ಥಿತಿಯಲ್ಲಿರತಕ್ಕದ್ದು. ಅದರ ಮೇಲೆ ಮೊಬೈಲ್, ಲ್ಯಾಪ್‌ಟಾಪ್ ಇಡತಕ್ಕದ್ದಲ್ಲ. ಮಗು ಮೀಸೆ ಎಳೆದಲ್ಲಿ ಪ್ರತಿರೋಧಿಸತಕ್ಕದ್ದಲ್ಲ. ಮೀಸೆ ಇಲ್ಲದವರು ಕಿವಿ ಒಡ್ಡತಕ್ಕದ್ದು.

7. ಈ ಹಿನ್ನೆಲೆಯಲ್ಲಿ ಅರ್ಜಿ ತಿರಸ್ಕೃತವಾಗಿದ್ದು, ಶ್ರೀ ಶಶಿಕಾಂತ ಇವರು ರವಿವಾರ ಬೆಳಿಗ್ಗೆ ತೊಡೆಸಮೇತ ಹಾಜರಾಗತಕ್ಕದ್ದೆಂದು ಆಜ್ಞಾಪಿಸಲಾಗಿದೆ.

ಸಹಿ/- (ಓದಲಾಗದು)
ಅಧೀಕ್ಷಕರು
(ಇವರನ್ನೂ ಅಂಕಲ್ ಎನ್ನಲಾಗುತ್ತಿದೆ)

ಪ್ರತಿಗಳು (ಜಾರಿಯಾದ ನಂತರದ ಷರಾ ಸಮೇತ):

1. ಕಿವಿ ಚುಚ್ಚುವ ಪತ್ತಾರ (ಅಕ್ಕಸಾಲಿಗ) ಅಣವೀರಪ್ಪ, ಚಿನ್ನದ ತಂತಿಯೊಂದಿಗೆ ಸಿದ್ಧರಿರಲು.

2. ಶ್ರೀಮತಿ ಕಸ್ತೂರಿಬಾಯಿ. ಓದಿ ಹೇಳಲಾಯಿತು. “ಇಷ್ಟ ಹೇಳಾಕ ಇಷ್ಟುದ್ದ ಕಾಗದಾ?” ಎಂದಿರುತ್ತಾರೆ.

3. ಲಿಫ್ಟಿನ ಒಳಗೋಡೆ. ಲಿಫ್ಟ್ ಕೆಟ್ಟಿರುವುದರಿಂದ ಯಾರೂ ಓದಿರುವುದಿಲ್ಲ.

4. ಶ್ರೀ ಶಶಿಕಾಂತ. ಬೆರಳಚ್ಚು ವಿಳಂಬವಾಗಿ ರವಿವಾರ ಮಧ್ಯಾಹ್ನ ಜಾರಿಗೆ ಹೋದಾಗ ಮನೆಗೆ ಬೀಗವಿತ್ತು. ವಿಚಾರಿಸಲಾಗಿ, ನೇತ್ರಾ ಅಳುತ್ತಿರುವ ಸುದ್ದಿ ಕೇಳಿ, ಯಾರ ಆದೇಶಕ್ಕೂ ಕಾಯದೆ, ಹೊಸ ಫ್ರಾಕು ಹಿಡಿದು ಬೆಳಿಗ್ಗೆಯೇ ನಾಲ್ಕನೇ ಮಾಳಿಗೆಗೆ ಹೋಗಿದ್ದರೆಂದು ತಿಳಿದುಬಂದಿರುತ್ತದೆ. ಅಲ್ಲಿ ಕಿವಿ ಚುಚ್ಚಿಸಿಕೊಂಡ ಮಗು ಅತ್ತು ಅತ್ತು ಅವರ ತೊಡೆಯ ಮೇಲೇ ನಿದ್ದೆಹೋಗಿತ್ತು. ಪ್ರತಿ ಸ್ವೀಕರಿಸಲು ಕೋರಿದಾಗ, “ಮೆಲ್ಲಕ ಮಾತಾಡ್ರಿ, ನಮ್ಮ ಶ್ರಾವ್ಯಾ ಈಗಷ್ಟ ಮಲಗ್ಯಾಳ” ಎಂದು ಇಲಾಖೆಯನ್ನು ಹೊರಗೆ ಕಳಿಸಿರುತ್ತಾರೆ.