ಪೆಟ್ರೋಲಿನ ಕಾಲುವೆಗೆ ಗೇಟ್ ಹುಡುಕಿದ ಕಾಕಾ

ನಮ್ಮ ಕಾಕಾನಿಗೆ ಕಾರು ಓಡಿಸಲು ಬರುತ್ತದೆ ಎಂದು ಇಡೀ ಜಿಲ್ಲೆಯಲ್ಲಿ ಹೇಳುವುದು ಎರಡೇ: ಒಂದು ಅವನ ಲೈಸೆನ್ಸು, ಇನ್ನೊಂದು ಅವನೇ! ಉಳಿದವರು ಅವನ ಕಾರು ದೂರದಲ್ಲಿ ಕಂಡ ಕೂಡಲೇ ಎಮ್ಮೆಗಳನ್ನು ರಸ್ತೆಯಿಂದ ಇಳಿಸುತ್ತಾರೆ. ಈಗೀಗ ಎಮ್ಮೆಗಳು ಯಾರೂ ಹೇಳದಿದ್ದರೂ ತಾವೇ ಇಳಿಯುತ್ತವಂತೆ.

ಆದರೆ ಓಡುವ ಕಾರಿನ ಮಾತು ಬಿಡಿ. ನಿಂತ ಕಾರಿನ ಮುಂದೆ ನಮ್ಮ ಕಾಕಾನನ್ನು ನೋಡಬೇಕು. ಎಂಜಿನ್ನಿನ ಬಗ್ಗೆ ಅವನಿಗೆ ಏನು ಗೊತ್ತು? ಏನೂ ಗೊತ್ತಿಲ್ಲ! ಅವನಿಗೆ ಗೊತ್ತಿರುವುದು ಕಾಲುವೆ ಒಂದೇ.

ನಮ್ಮದು ಯಲಬುರ್ಗಾ ಕಡೆಯ ಒಣಭೂಮಿ. ಮಳೆ ಬಂದರೆ ಜೋಳ, ಬರದಿದ್ದರೆ ಜೋಳದ ಮಾತು. ಅಂಥ ಮನೆತನದ ಹುಡುಗ ಗಂಗಾವತಿ ದಾಟಿ ಸಿದ್ದಾಪುರದ ಕಡೆಗೆ ಹೋಗಿ, ಕಾಲುವೆಯ ಗೇಟ್ ಎತ್ತಿಳಿಸುವ ಕೆಲಸಕ್ಕೆ ಸೇರಿದ. ನಮ್ಮಜ್ಜಿ ಓಣಿಯ ತುಂಬ ಹೇಳಿಕೊಂಡು ಬಂದಳಂತೆ: “ನಮ್ಮ ಸಣ್ಣಾಂವ ಕೀಲಿ ತಿರುವಿದ್ರ ಹೊಳಿ ಬರ್ತೈತಿ!” ಹೊಳೆಯನ್ನೇ ನೋಡಿರದ ಓಣಿ ಅದು. ನಂಬಿತೋ ಇಲ್ಲವೋ ಗೊತ್ತಿಲ್ಲ. ನಾವಂತೂ ನಂಬಿದೆವು.

ಮೂವತ್ತು ವರ್ಷ ಗೇಟ್ ಕಾಯ್ದವನಿಗೆ ಜಗತ್ತು ಹೇಗೆ ಕಂಡೀತು? ಮೇಲೆ ಡ್ಯಾಮ್, ಕೆಳಗೆ ತುದಿಯ ಹೊಲ, ನಡುವೆ ಎಲ್ಲೋ ಯಾರೋ ಏನೋ ಮಾಡಿದ್ದಾರೆ. ಎಲ್ಲ ತಕರಾರುಗಳೂ ಇಷ್ಟೇ. ತುದಿಯ ರೈತ ಬಂದು ನೀರು ಮುಟ್ಟಿಲ್ಲ ಎಂದು ಬೈದರೆ, ಕಾಕಾ ಅವನ ಹೊಲದಿಂದಲೇ ನಡೆಯಲು ಶುರುಮಾಡಿ, ಕಾಲುವೆ ಹಿಡಿದು ಮೇಲಕ್ಕೆ ಹೋಗುತ್ತಿದ್ದ, ತಪ್ಪು ಸಿಗುವ ತನಕ.

ನಿವೃತ್ತಿಯಾಯಿತು. ನಡಿಗೆ ನಿಲ್ಲಲಿಲ್ಲ. ನನ್ನ ತಂಗಿಯ ಮದುವೆಯಲ್ಲಿ ಬಡಿಸಲು ನಿಂತು, ಪಂಕ್ತಿಯ ಕಟ್ಟಕಡೆಯಿಂದ ಹೋಳಿಗೆ ಹಾಕುತ್ತ ಬಂದ. “ಮುಂದ ಕುಂತವರಿಗೆ ಹೆಂಗಿದ್ರೂ ಸಿಗತೈತಿ. ತುದಿಯವರದು ಮೊದ್ಲು ನೋಡ್ಬೇಕು.” ಮುಂದೆ ಕೂತವರು ಬೀಗರು! ಹೋಳಿಗೆ ಅವರನ್ನು ಮುಟ್ಟುವ ಹೊತ್ತಿಗೆ ತುಪ್ಪ ಮುಗಿದಿತ್ತು. ತಂಗಿ ಇವತ್ತಿಗೂ ಗಂಡನ ಮನೆಯಲ್ಲಿ ಆ ತುಪ್ಪದ ಮಾತು ಕೇಳುತ್ತಾಳೆ.

ಇನ್ನೊಮ್ಮೆ ಡಾಕ್ಟರ ಹತ್ತಿರ: “ಕಾಲ್ಬೆರಳು ಜುಂ ಅಂತಾವ್ರೀ. ತುದಿಗೆ ಮುಟ್ಟವಲ್ದು. ಮ್ಯಾಲ ಯಾರೋ ಕಳವು ಮಾಡ್ಲಿಕ್ಕತ್ಯಾರ, ನೋಡ್ರಿ.” ಡಾಕ್ಟರು ರಕ್ತಪರೀಕ್ಷೆ ಮಾಡಿಸಿ ಸಕ್ಕರೆ ಕಾಯಿಲೆ ಎಂದರು. ಕಾಕಾ ಹೊರಗೆ ಬಂದು ಹೆಮ್ಮೆಯಿಂದ ಹೇಳಿದ: “ನಾ ಹೇಳಲಿಲ್ಲೇನು? ಸಿಕ್ಕ ಕಳ್ಳ!” ಆಗ ಜೊತೆಗಿದ್ದದ್ದು ನಾನು. ನನ್ನ ತಮ್ಮ ತಾನಿದ್ದೆ ಎನ್ನುತ್ತಾನೆ. ಮಾತು ಮಾತ್ರ ಇಬ್ಬರಿಗೂ ಅಕ್ಷರ ತಪ್ಪದೆ ನೆನಪಿದೆ. ನನಗೆ ಅನುಮಾನ ಹುಟ್ಟಿಸುವುದೇ ಅದು.

ಕಾರಿನ ದಿನ ಮಾತ್ರ ನಾನಿದ್ದೆ. ಅದಕ್ಕೆ ಸಾಕ್ಷಿಯಾಗಿ ತಲೆಯ ಮೇಲೊಂದು ಬೋರೆ ಊದಿಕೊಂಡಿತ್ತು.

ಕಾಕಾನ ಮಗಳಿಗೆ ಕೊಪ್ಪಳದಲ್ಲಿ ದಾಖಲೆ ಪರಿಶೀಲನೆ. ಸರ್ಕಾರಿ ಶಾಲೆಯ ಶಿಕ್ಷಕಿಯ ಕೆಲಸ. ಎರಡು ಸಲ ಸ್ವಲ್ಪದರಲ್ಲಿ ತಪ್ಪಿ, ಮೂರನೆಯ ಸಲ ಪಟ್ಟಿಯಲ್ಲಿ ಹೆಸರು ಬಂದಿತ್ತು. ವಯಸ್ಸಿನ ಮಿತಿ ಮುಗಿಯುತ್ತಿದ್ದುದರಿಂದ ನಾಲ್ಕನೆಯ ಸಲ ಎಂಬುದು ಇರಲಿಲ್ಲ. ಹನ್ನೊಂದು ಗಂಟೆಯೊಳಗೆ ಮೂಲ ಕಾಗದಗಳೊಂದಿಗೆ ಹಾಜರಾಗಬೇಕು, ತಡವಾದರೆ ಅವಕಾಶವಿಲ್ಲ ಎಂದು ಪತ್ರದಲ್ಲಿ ದಪ್ಪ ಅಕ್ಷರದಲ್ಲಿತ್ತು. ಅವಳು ಬಸ್ಸಿಗೆ ಹೋಗುತ್ತೇನೆ ಎಂದಳು.

“ಸಾಲಿ ಅಕ್ಕೋರು ಆಗೂ ದಿನ ಬಸ್ಸಿನ್ಯಾಗ ನಿಂತು ಹೋಗ್ತಿಯೇನ? ನಮ್ಮ ಗಾಡಿ ಐತಿ, ನಾನದೇನಿ.”

“ಅದಕ್ಕ ಬಸ್ಸಿಗೆ ಹೋಗ್ತೇನಿ ಅಂದೆ ಅಪ್ಪಾ.”

ಕಾಕಾ ನಿವೃತ್ತಿಯ ಮೇಲೂ ಉಳಿದಿದ್ದ ಸಿದ್ದಾಪುರದಿಂದ ಮೂವರೂ ಹೊರಟೆವು. ಹಳೆಯ ಕಾರು, ಬೆಳ್ಳಿ ಬಣ್ಣ ಎಂದು ನನ್ನ ನೆನಪು. ಫೋಟೋದಲ್ಲಿ ಬಿಳಿ ಕಾಣುತ್ತದೆ. ಧೂಳು ಕೂತ ಮೇಲೆ ಎರಡೂ ಒಂದೇ. ಗಂಗಾವತಿ ದಾಟಿ ಕೊಪ್ಪಳದ ಕಡೆ ಹೋಗುವಾಗ, ಸಾಹೇಬರ ಮುಂದೆ ಹೇಗೆ ನಿಲ್ಲಬೇಕೆಂದು ಕಾಕಾ ಹಿಂದೆ ತಿರುಗಿ ಮಗಳಿಗೆ ಹೇಳುತ್ತಿದ್ದ. ಮುಂದೆ ರಸ್ತೆಯಲ್ಲೊಂದು ಗುಂಡಿ ಇತ್ತು. ಧಡ್! ನನ್ನ ತಲೆ ಮೇಲಿನ ತಗಡಿಗೆ ಬಡಿಯಿತು. ಕಾರು ಹತ್ತು ಮಾರು ಮುಂದೆ ಸರಿದು ಸುಮ್ಮನಾಯಿತು.

ಕೀಲಿ ತಿರುವಿದರೆ ಕರ್ ಕರ್ ಎನ್ನುತ್ತದೆ, ಹತ್ತುವುದಿಲ್ಲ. ಒಂಬತ್ತೂವರೆ. ನಾನು ಬಾನೆಟ್ ಎತ್ತಿ ಗಂಭೀರವಾಗಿ ಒಳಗೆ ನೋಡಿದೆ. ಕಾರು ನಿಂತಾಗ ಏನೂ ಗೊತ್ತಿಲ್ಲದ ಗಂಡಸರು ಮಾಡಬೇಕಾದ ಕರ್ತವ್ಯ ಅದು. ಗಂಗಾವತಿಯ ಮೆಕ್ಯಾನಿಕ್ ಚಾಚಾನಿಗೆ ಫೋನು ಹಚ್ಚಿದರೆ, “ಎಳಕೊಂಡು ಬರಾಕ ಗಾಡಿ ಕಳಸ್ತೀನಿ, ಎರಡು ತಾಸು ಬಿಡ್ರಿ” ಎಂದ.

ಅಷ್ಟರಲ್ಲಿ ಕೊಪ್ಪಳದ ಬಸ್ ಬಂತು. ಹುಡುಗಿ ಫೈಲನ್ನು ಎದೆಗವಚಿಕೊಂಡು ರಸ್ತೆಯ ನಡುವೆಯೇ ಓಡಿ ಕೈಮಾಡಿದಳು. ಬಾಗಿಲಲ್ಲಿ ಜನ ಜೋತುಬಿದ್ದಿದ್ದರು. ಬಸ್ಸು ಅವಳ ಬದಿಯಿಂದ ಹಾದು, ವೇಗ ಕೂಡ ತಗ್ಗಿಸದೆ ಹೋಯಿತು. ಅವಳು ಸೀರೆಯ ಧೂಳು ಕೊಡವಲಿಲ್ಲ. ಒಂದು ಕಲ್ಲಿನ ಮೇಲೆ ಕೂತು ಫೈಲಿನ ದಾರವನ್ನು ಬಿಚ್ಚುವುದು, ಕಟ್ಟುವುದು, ಬಿಚ್ಚುವುದು. ಕಾಕಾ ಇದನ್ನು ನೋಡಲಿಲ್ಲ. ಆ ಹೊತ್ತಿಗೆ ಅವನ ಕಿವಿ ಪೆಟ್ರೋಲ್ ಟ್ಯಾಂಕಿನ ಬಾಯಿಗೆ ಅಂಟಿತ್ತು.

“ಏ ತಮ್ಮಾ, ಗಾಡಿ ಅಳ್ಳಾಡಸು.”

ಅಲ್ಲಾಡಿಸಿದೆ. ಒಳಗೆ ಛಳ್ ಛಳ್ ಸದ್ದು.

“ಡ್ಯಾಮ್ ತುಂಬೇತಿ.” ಮುಂದೆ ಹೋಗಿ ಎಂಜಿನ್ನಿನ ಪ್ಲಗ್ ಬಿಚ್ಚಿ ಮೂಸಿದ. ಪೆಟ್ರೋಲಿನ ವಾಸನೆಯೇ ಇಲ್ಲ. “ತುದಿ ಹೊಲ ಒಣಗೇತಿ.” ಪ್ಲಗ್ಗನ್ನು ಮತ್ತೆ ಕೂಡಿಸಿ, ಕೀಲಿ ತಿರುವಲು ನನಗೆ ಹೇಳಿ ತಾನು, ಪೆಟ್ರೋಲ್ ತಳ್ಳುವ ಮೋಟರು ಕೆಳಗಿರುವ ಹಿಂದಿನ ಸೀಟಿಗೆ ಕಿವಿಯಿಟ್ಟ. “ದಿನಾ ಇಲ್ಲಿ ಗುಂಯ್ ಅಂತಿತ್ತು. ಇವತ್ತ ಉಸಿರಿಲ್ಲ. ನಡುವ ಗೇಟ್ ಬಿದ್ದೈತಿ.”

ಮತ್ತೆ ಚಾಚಾನಿಗೆ ಫೋನು.

“ಕಾರಿಗೆ ಎಲ್ಲೀ ಗೇಟ್ರೀ ಕಾಕಾ!”

“ಗೇಟ್ ಇಲ್ಲದ ಕಾಲುವಿ ಯಾರರ ಕಟ್ತಾರೇನೋ? ಒಡ್ಡು ಒಡದ್ರ ಏನ್ಮಾಡ್ತಿ?”

“ಇದು ಕಾಲುವಿ ಅಲ್ರೀ, ಕಾರ್ ಐತಿ.”

“ಗಾಡಿ ಎಲ್ಲ್ಯರ ಗುದ್ದಿ ಪೆಟ್ರೋಲ್ ಪೈಪ್ ಒಡದ್ರ ಬೆಂಕಿ ಹತ್ತತೈತಿಲ್ಲೋ? ಅಂದಮ್ಯಾಲ ಕಟ್ಟಿದಾಂವ ಶಾಣ್ಯಾ ಇದ್ರ, ಝಟ್ಕಾ ಬಡದ ಕೂಡ್ಲೆ ತಾನ ಬೀಳೂ ಗೇಟ್ ಇಟ್ಟಿರ್ತಾನ. ಈ ಗಾಡಿ ಕಟ್ಟಿದಾಂವ ಶಾಣ್ಯಾನೋ ದಡ್ಡನೋ, ಅಷ್ಟ ಹೇಳು.”

ಚಾಚಾ ಫೋನು ಇಟ್ಟ. ಅಂಥದೊಂದು ಸ್ವಿಚ್ ಕೆಲವು ಕಾರುಗಳಲ್ಲಿ ನಿಜವಾಗಿಯೂ ಇರುತ್ತದೆ, ಆದರೆ ತನಗೆ ಆಗ ಹೊಳೆಯಲಿಲ್ಲ ಎಂದು ಆಮೇಲೆ ಒಪ್ಪಿಕೊಂಡ. ಕಾರಿನ ಪುಸ್ತಕವನ್ನೇ ತೆರೆಯದ ನಮ್ಮ ಕಾಕಾ ರಸ್ತೆಯ ಬದಿಯಲ್ಲಿ ನಿಂತು ಬರೀ ತಲೆಯಿಂದ ಅದನ್ನು ಕಂಡುಹಿಡಿದಿದ್ದ! ನಾನು ಯಾರ ಮುಂದೆಯೂ ಇದನ್ನು ಸಣ್ಣ ದನಿಯಲ್ಲಿ ಹೇಳುವುದಿಲ್ಲ.

ಇರುವುದೇನೋ ಸರಿ, ಎಲ್ಲಿದೆ? “ಗೇಟ್ ಕಾಯಾಂವನ ಕೈಗೆ ಸಿಗಬೇಕು, ದನದ ಕಾಲಿಗೆ ಸಿಗಬಾರದು” ಎಂದು ಗೊಣಗುತ್ತ ಕಾಕಾ ಸೀಟಿನ ಕೆಳಗೆಲ್ಲ ಕೈಯಾಡಿಸಿದ. ಸಿಕ್ಕಿದ್ದು: ಒಂದು ಬಾಚಣಿಗೆ, ಪೂಜೆಯ ಒಣಗಿದ ತೆಂಗಿನ ಹೋಳು, ಮತ್ತು ಪಕ್ಕದ ಮನೆಯ ನಾಯಿ ಕದ್ದಿತೆಂದು ಕಾಕಾನ ಹೆಂಡತಿ ಕಾಕು ಆ ಮನೆಯವರ ಜೊತೆ ಮಾತು ಬಿಟ್ಟಿದ್ದ ಅವಳ ಎಡಗಾಲಿನ ಚಪ್ಪಲಿ. ಕೊನೆಗೆ ನಾನು ಕೂರುವ ಸೀಟಿನ ಮುಂದೆ, ಕಾಲಿಡುವ ಜಾಗದ ಮೂಲೆಯಲ್ಲಿ, ಮ್ಯಾಟಿನ ಹಿಂದೆ ಒಂದು ಕರಿಯ ಡಬ್ಬಿ. ಅದರ ನೆತ್ತಿಯ ಮೇಲೆ ಪುಟಿದು ನಿಂತ ಕೆಂಪು ಗುಂಡಿ.

ಒತ್ತಿಬಿಡು ಎಂದೆ. ಒತ್ತುತ್ತಾನೆಯೇ? ಮೊದಲು ಕಾರಿನ ಅಡಿಗೆ ಮಲಗಿ, ಹಿಂದಿನಿಂದ ಮುಂದಿನ ತನಕ ಪೈಪನ್ನು ಮೂಸಿದ, ನೆಲ ಸವರಿದ. ಎಲ್ಲೂ ಸೋರಿಲ್ಲ. ಎದ್ದು, “ಇಬ್ರೂ ಆ ಬೇವಿನ ಗಿಡದ ತನಕ ಹೋಗ್ರಿ” ಎಂದ.

“ಹತ್ತು ಹೊಡೀಲಿಕ್ಕೆ ಬಂತು ಅಪ್ಪಾ!”

“ಹೋಗವ್ವಾ. ಕೆಳಗ ಮಂದಿ ಇದ್ದಾಗ ಗೇಟ್ ಎತ್ತಬಾರದು.”

ಹೋದೆವು. ಕಾಕಾ ಬರಿದಾದ ರಸ್ತೆಯತ್ತ ತಿರುಗಿ, ಬಾಯಿಗೆ ಎರಡೂ ಕೈ ಹಿಡಿದು, ಮೂವತ್ತು ವರ್ಷದ ಅಭ್ಯಾಸದ ದನಿಯಲ್ಲಿ ಕೂಗಿದ: “ನೀರ್ ಬಿಡ್ತೇನ್ರೋ! ದನಾ ಎಬ್ಬಸ್ರೋ! ಅರಿವಿ ಎತ್ತಿಕೊಳ್ರವ್ವೋ!” ಎದುರಿಗೆ ಸೈಕಲ್ಲಿನಲ್ಲಿ ಬರುತ್ತಿದ್ದ ಮುದುಕನೊಬ್ಬ ಗಾಬರಿಯಿಂದ ಇಳಿದು ಧೋತರ ಮೊಣಕಾಲಿಗೆ ಎತ್ತಿಕೊಂಡ.

ಟಕ್. ಆಮೇಲೆ ಕೀಲಿ. ಹಿಂದೆ ಗುಂಯ್, ಮುಂದೆ ಗುರ್‌ರ್!

ಕೊಪ್ಪಳದ ಕಛೇರಿ ಮುಟ್ಟಿದಾಗ ನನ್ನ ಗಡಿಯಾರದಲ್ಲಿ ಹನ್ನೊಂದಕ್ಕೆ ನಾಲ್ಕು ನಿಮಿಷ ಇತ್ತು. ಕಾಕಾ ಹತ್ತು ನಿಮಿಷ ಎನ್ನುತ್ತಾನೆ, ಅವಳು ಎರಡೇ ಎನ್ನುತ್ತಾಳೆ. ಒಳಗೆ ಹೋಗಲು ಮೂರರಲ್ಲಿ ಯಾವುದಾದರೂ ಸಾಕು.

ಈಗ ಅವಳು ಅಳವಂಡಿ ಕಡೆಯ ಒಂದು ಶಾಲೆಯಲ್ಲಿ ಅಕ್ಕೋರು. ಹೋದ ತಿಂಗಳು ಕಾಕಾ, ನಾನು ಅಲ್ಲಿಗೆ ಹೋಗಿದ್ದೆವು. ಅವಳ ಮನೆಗೆ ಬಂದಿದ್ದ ಹೆಡ್ ಮಾಸ್ತರರ ಮುಂದೆ ಕಾಕಾ ಆ ದಿನದ ಕತೆ ತೆಗೆದ. ನಾನು ಗೇಟಿನ ಮಾತು ಬರಲಿ ಎಂದು ಕಾದೆ. ಬರಲಿಲ್ಲ! ಪ್ಲಗ್ ಇಲ್ಲ, ಕೆಂಪು ಗುಂಡಿ ಇಲ್ಲ, ತಾನು ಮಾಡಿದ್ದು ಒಂದೂ ಇಲ್ಲ.

“ಬಸ್ ಬಂದು ನಿಂತ್ರಿ ಸರ. ಖಾಲಿ ಬಸ್. ಕಂಡಕ್ಟರ್ ಬಾಗಲಾ ತಗದು, ‘ಬಾರವ್ವಾ’ ಅಂತ ಕರದಾ. ನನ್ನ ಮಗಳು ಹತ್ತಲಿಲ್ರಿ. ‘ನಮ್ಮಪ್ಪ ಅದಾನ, ಗಾಡಿ ಚಾಲೂ ಮಾಡ್ತಾನ, ನೀವು ಹೋಗ್ರಿ’ ಅಂದ್ಲು. ನೌಕರಿ ಹೋದ್ರ ಹೋಗ್ಲಿ ಅಂತ ನಿಂತ್ಲು, ನೋಡ್ರಿ.” ಹೇಳುತ್ತ ಹೇಳುತ್ತ ಅವನು ಕುರ್ಚಿಯಿಂದ ಎದ್ದೇ ನಿಂತ.

ನಾನು ಬಾಯಿ ತೆರೆದೆ. ಚಹಾದ ತಟ್ಟೆ ಹಿಡಿದು ಬಂದ ಅವಳು ನನ್ನತ್ತ ಒಂದು ನೋಟ ನೋಡಿದಳು, ಮುಚ್ಚಿಕೊಂಡೆ.

ಅವಳು ಅಪ್ಪನ ಮುಂದೆ ಕಪ್ಪು-ಬಸಿ ಇಟ್ಟು ಹೇಳಿದಳು: “ಒಂದ ಸಲ ಅಲ್ಲಪ್ಪಾ. ಎರಡ ಸಲ ಕರದಾ.”