ಮುಚ್ಚಲೊಲ್ಲದ ಆ್ಯಪ್

ನಮ್ಮ ಕಾಕಾ ಯಾರ ಮಾತನ್ನೂ ತಳ್ಳಿಹಾಕುವವರಲ್ಲ; ಅದರ ಮೇಲೆ ತಮ್ಮದೊಂದು ಮಾತು ಹೇರಿಬಿಡುತ್ತಾರೆ, ಅಷ್ಟೇ! ಬೈಲಹೊಂಗಲದಿಂದ ಸಿರಸಂಗಿಗೆ ಮದುವೆಗೆ ಹೊರಟಾಗ ಫೋನಿನ ನಕಾಶೆಯ ಹೆಂಗಸು "ಎಡಕ್ಕೆ ತಿರುಗಿ" ಎಂದಳು. "ನಿನಗೇನ ಗೊತ್ತವ್ವಾ, ಸುಮ್ನ ಕುಂದ್ರು" ಎಂದು ಕಾಕಾ ಬಲಕ್ಕೆ ತಿರುಗಿಸಿದರು. ನಾವು ತಲುಪಿದಾಗ ಊಟ ಮುಗಿದು ಎಲೆ ಎತ್ತಿಯಾಗಿತ್ತು. "ನೋಡಿದ್ಯಾ, ಗದ್ಲನ ಇಲ್ಲ!" ಎಂದು ಹಿಗ್ಗಿದರು.

ಇಂಥವರು ಬೀಜದ ಅಂಗಡಿ ನಡೆಸುತ್ತಲೇ ಪ್ರೋಗ್ರಾಮಿಂಗ್ ಕಲಿತರು! ಅಂಗಡಿಯಲ್ಲಿ ಯಾವ ಬೀಜ ಇದೆ ಎಂದು ತೋರಿಸುವ ಆ್ಯಪ್ ಬರೆದರು. ಆ್ಯಪನ್ನು ಮುಚ್ಚುವ ಮೆಥಡ್, ಅಂದರೆ ಆ ಕೆಲಸದ ಕೋಡ್ ತುಣುಕು, ಆ್ಯಪ್ ನಿಲ್ಲುವ ಬುನಾದಿ ಕೋಡಿನಲ್ಲೇ ಸಿದ್ಧವಾಗಿರುತ್ತದೆ. ಇರಲಿ ಎಂದು ಬಿಟ್ಟಾರೆಯೇ? ಅದೇ ಹೆಸರಿನಲ್ಲಿ ತಮ್ಮದೊಂದು ಬರೆದು ಅದರ ಮೇಲೆ ಹೇರಿದರು, ಅಂದರೆ ಓವರ್‌ರೈಡ್ ಮಾಡಿದರು. ಮುಚ್ಚಲು ಒತ್ತಿದರೆ ಅವರ ಹೆಂಡತಿ, ನಮ್ಮ ಕಾಕುವಿನ ಮುದ್ರಿಸಿಟ್ಟ ದನಿ: "ಹೊಂಟ್ರ್ಯಾ? ಚಾ ಕುಡದ ಹೋಗ್ರಿ!" ಆಮೇಲಷ್ಟೇ ಮುಚ್ಚುತ್ತಿತ್ತು. ಕಟಕೋಳದ ರೈತರೊಬ್ಬರು ಅಂಗಡಿಗೇ ಬಂದು ಕೂತರು. ಬೀಜ ಬೇಡವಂತೆ! "ಫೋನಿನ್ಯಾಗ ಅಕ್ಕಾರು ಚಾಕ್ಕ ಕರದಿದ್ರು" ಎಂದರು.

ಈಚೆಗೆ ಕಾಕುವಿನ ಹಳೆಯ ಫೋನು ಕೆಡುತ್ತ ಬಂದಾಗ ಮಗಳು ಬೇರೆ ಜಾತಿಯ ಹೊಸ ಫೋನು ಕೊಡಿಸಿದಳು. ಅದರಲ್ಲಿ ಆ್ಯಪ್ ಏಳಲೇ ಇಲ್ಲ. ಕಾಕಾ ನನ್ನ ತಲೆಗೆ ಕಟ್ಟಿದರು. ಒಂದೇ ಕೋಡನ್ನು ಎಲ್ಲ ಬಗೆಯ ಫೋನುಗಳಿಗೂ ಕಂಪೈಲ್ ಮಾಡುವ ಹೊಸ ವ್ಯವಸ್ಥೆಗೆ ಅದನ್ನು ಸಾಗಿಸಿದೆ. ಕೋಡನ್ನು ಫೋನಿನ ಭಾಷೆಗೆ ಇಳಿಸುವ ಆ ಕಂಪೈಲರ್ ಕೆಂಪಗಾಯಿತು: ಈ ಹೆಸರಿನ ಮೆಥಡ್ ನನ್ನಲ್ಲಿದೆ, ಅದನ್ನು ಯಾರೂ ಓವರ್‌ರೈಡ್ ಮಾಡುವಂತಿಲ್ಲ!

"ಕಾಕಾ, ನಿಮ್ಮ ಮೆಥಡ್ ತಗದ ಹಾಕತೇನ್ರಿ. ಬೀಜ ತೋರಸಾಕ ಅದೇನ ಬೇಕಾಗಿಲ್ಲ."

"ತಗದೀ ನೋಡ ಮತ್ತ! ಅವರದ ತಗಿ."

"ಅದು ಬುನಾದಿರಿ! ತಗ್ಯಾಕ ಬರೂದಿಲ್ಲ."

"ಹಂಗಾರ ಬುನಾದಿಗೆ ತಿಳಿಸಿ ಹೇಳು."

ಕಾಕಾನಿಗೇ ತಿಳಿಸಿ ಹೇಳಲಾಗದವನು ಬುನಾದಿಗೆ ಹೇಳುವುದೆಲ್ಲಿ? ಸಾಕಪ್ಪಾ ಸಾಕು! ಲ್ಯಾಪ್‌ಟಾಪ್ ಮಡಚಿ ಎದ್ದೆ.

ಅಷ್ಟರಲ್ಲಿ ಪಡಸಾಲೆಯಲ್ಲಿ ಕೂತಿದ್ದ ನೆರೆಮನೆಯವರೂ ಹೊರಡಲು ಎದ್ದರು. ಲಕ್ವಾ ಹೊಡೆದ ಮೇಲೆ ಕಾಕುವಿಗೆ ಮಾತಿಲ್ಲ. ಎಡಗೈಯಿಂದ ಹಳೆಯ ಫೋನು ತಡಕಿ, ಆ್ಯಪ್ ತೆರೆದು, ಮುಚ್ಚಲು ಒತ್ತಿದಳು. "ಹೊಂಟ್ರ್ಯಾ? ಚಾ ಕುಡದ..." ಅಷ್ಟಕ್ಕೇ ಫೋನು ಆರಿಹೋಯಿತು. ಕಾಕು ಆ ಕಪ್ಪು ಪರದೆಯನ್ನು ಮತ್ತೆ ಮತ್ತೆ ಒತ್ತಿದಳು.

ಮಡಚಿದ್ದನ್ನು ಮತ್ತೆ ತೆರೆದೆ. ಕಾಕಾನ ಮೆಥಡ್‌ಗೆ 'ಕಳಿಸು' ಎಂದು ಬೇರೆ ಹೆಸರಿಟ್ಟೆ. ಮೊದಲು ಅದು ನಡೆಯಲಿ, ಆಮೇಲೆ ಬುನಾದಿಯದು ಮುಚ್ಚಲಿ ಎಂದು ಜೋಡಿಸಿದೆ. ಜಗಳ ಅಲ್ಲಿಗೇ ಮುಗಿಯಿತು.

ಹೊಸ ಫೋನನ್ನು ಕಾಕುವಿನ ಕೈಗಿಟ್ಟು "ಬರತೇನಿ ಕಾಕೂ" ಎಂದೆ. ಅವಳು ಒತ್ತಿದಳು.

"ಹೊಂಟ್ರ್ಯಾ? ಚಾ ಕುಡದ ಹೋಗ್ರಿ!"

ಯಾರ ಮಾತನ್ನೂ ಕೇಳದ ನಮ್ಮ ಕಾಕಾ ತಟ್ಟನೆ ಎದ್ದು, ಚಹಾಕ್ಕಿಡಲು ಒಳಗೆ ನಡೆದರು.